ದೋಣಿಯಲ್ಲಿ ಪುಟ್ಟ ಮಗು: ಹತ್ತುವ ಮುನ್ನ ನಾಲ್ಕು ಮಾತು

ಬೇಸಿಗೆ ರಜೆ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಒಂದು ಬಗೆಯ ಜನ ತಪ್ಪದೆ ಬರುತ್ತಾರೆ. ಅವರಿಗೆ ಕಾಯಿಲೆ ಏನೂ ಇರುವುದಿಲ್ಲ. ಅವರು ಮಾರನೆಯ ದಿನ ಪ್ರವಾಸ ಹೊರಡುವವರು. ಮಗುವಿಗೆ ಬಸ್ಸಿನಲ್ಲಿ ವಾಂತಿ, ಅಜ್ಜಿಗೆ ಕಾಲು ಬಾವು, ತಮಗೆ ನೀರು ಬದಲಾದರೆ ಭೇದಿ ಎಂದು ಹೇಳಿ ಮುಂಜಾಗ್ರತೆಯ ಮಾತ್ರೆ ಬರೆಸಿಕೊಂಡು ಹೋಗುತ್ತಾರೆ.

ಹಾಗೆ ಬಂದವರಲ್ಲಿ ಒಬ್ಬ ತರುಣ ತಂದೆ. ಬೆಳಗಿನ ರೈಲಿಗೆ ಮಾರಿಕುಪ್ಪಂನಲ್ಲಿ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರು. ಜೊತೆಯಲ್ಲಿ ಮೂರು ವರ್ಷದ ಮಗಳು. "ಭಾನುವಾರ ಹೊಗೇನಕಲ್ಲಿಗೆ ಹೋಗ್ತಿದ್ದೀವಿ ಸಾರ್. ಇವಳಿಗೆ ವಾಂತಿ ಔಷಧ ಬೇಕು" ಎಂದರು. ಬರೆದುಕೊಟ್ಟೆ. ಅವರು ಏಳುವಾಗ ಸುಮ್ಮನೆ ಕೇಳಿದೆ: "ಅಲ್ಲಿ ತೆಪ್ಪ ಹತ್ತುತ್ತೀರಾ?"

"ಹತ್ತದೆ ಇರ್ತೀವಾ ಸಾರ್! ಅದಕ್ಕೇ ಅಲ್ವಾ ಹೋಗೋದು."

"ಮಗುವಿಗೆ ಅದರ ಅಳತೆಯ ಲೈಫ್ ಜಾಕೆಟ್ ಸಿಗುತ್ತಾ?"

ಅವರು ನಕ್ಕರು. "ಅವಳನ್ನ ನಾನೇ ಎತ್ತಿಕೊಂಡಿರ್ತೀನಲ್ಲ ಸಾರ್."

ಓದುಗರೇ, ಈ ವಾರದ ಅಂಕಣ ಆ ಒಂದು ಉತ್ತರವನ್ನು ಕುರಿತದ್ದು. ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿ ಕೊಡುವ ಉತ್ತರವೂ ಅದೇ. ನಾನೂ ಒಮ್ಮೆ ಅದನ್ನೇ ಹೇಳಿದ್ದೆ.

ನನ್ನದೇ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಕಾವೇರಿ ತೀರದ ಒಂದು ಪ್ರವಾಸಿ ಸ್ಥಳಕ್ಕೆ ಸಂಸಾರ ಸಮೇತ ಹೋಗಿದ್ದೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ದಡದಲ್ಲಿ ಜಾಕೆಟ್ಟುಗಳ ರಾಶಿ ಇತ್ತು. ಎಲ್ಲವೂ ದೊಡ್ಡವರವು. ಅದರಲ್ಲೇ ಒಂದನ್ನು ಮಗುವಿನ ಮೇಲೆ ಹೊದಿಸಿದರು. ಅದರ ಕೊಕ್ಕೆ ಮುರಿದಿತ್ತು, ದಾರದಿಂದ ಕಟ್ಟಿದರು. ಹರಿಗೋಲಿನವನು ನಡುನೀರಿನಲ್ಲಿ ಮಕ್ಕಳಿಗೆ ಖುಷಿಯಾಗಲೆಂದು ಅದನ್ನು ಗಿರ್ರನೆ ತಿರುಗಿಸಿದ. ಮಗಳು ನೀರು ಮುಟ್ಟಲು ಬಗ್ಗಿದಳು. ಮುಂದಿನ ಕ್ಷಣ ಅವಳ ಸೊಂಟದವರೆಗಿನ ಭಾಗ ಅಂಚಿನಿಂದ ಆಚೆ ಇತ್ತು. ನನ್ನ ಹೆಂಡತಿಯ ಕೈಗೆ ಫ್ರಾಕು ಸಿಕ್ಕಿತು, ಬಚಾವಾದಳು. ಜಾಕೆಟ್ಟು ಆಗಲೇ ಅವಳ ತಲೆಯ ಮೇಲೆ ಏರಿ ಹೋಗಿತ್ತು. ಬಿದ್ದಿದ್ದರೆ ಅದು ನೀರಿನ ಮೇಲೆ ತೇಲುತ್ತಿತ್ತು, ಮಗು ಅದರ ಕೆಳಗೆ ಇರುತ್ತಿತ್ತು.

ಮಗುವಿನ ಪಕ್ಕದಲ್ಲೇ ಕುಳಿತಿದ್ದ ನಾನು ಆಗ ಕ್ಯಾಮೆರಾ ಹಿಡಿದಿದ್ದೆ. ಎಂ.ಬಿ.ಬಿ.ಎಸ್. ಓದಿದ್ದೇನೆ, ಮುಳುಗಿದ ಮಕ್ಕಳನ್ನು ಕಂಡಿದ್ದೇನೆ. ಆದರೂ ಆ ದಿನ ಯೋಚಿಸಲಿಲ್ಲ.

ನೀರು ಕಾಣದ ಊರಿನವರು ನಾವು

ಇದಕ್ಕೆ ಒಂದು ಕಾರಣವಿದೆ. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಕಾವೇರಿಯ ಶಿವನಸಮುದ್ರದಿಂದ ವಿದ್ಯುತ್ತು 1902ರಲ್ಲೇ ಬಂತು, ಆದರೆ ನೀರಿಗೆ ನಾವು ಬೇತಮಂಗಲದ ಕೆರೆಯನ್ನೂ ನಲ್ಲಿಯ ಸರದಿಯನ್ನೂ ನಂಬಿ ಬದುಕಿದವರು. ಭೂಮಿಯ ಕೆಳಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದು ಕೆಲಸ ಮಾಡಿದ ಜನರ ಊರು ಇದು. ಆದರೆ ಆಳುದ್ದ ನೀರಿನಲ್ಲಿ ಈಜಬಲ್ಲವರು ಬೀದಿಗೆ ಒಬ್ಬರೋ ಇಬ್ಬರೋ. ಹೊಳೆಯ ದಡದಲ್ಲಿ ಬೆಳೆದವನಿಗೆ ನೀರಿನ ಭಯವೂ ತಿಳಿದಿರುತ್ತದೆ, ಪರಿಚಯವೂ ಇರುತ್ತದೆ. ನಮಗೆ ನೀರೆಂದರೆ ಸಂತೋಷ ಮಾತ್ರ. ಮಳೆಗೆ ಕೆರೆ ಕೋಡಿ ಬಿದ್ದರೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋಗುತ್ತೇವೆ. ಎಂದಾದರೊಮ್ಮೆ ಹೊಗೇನಕಲ್ಲು, ತಲಕಾಡು, ಮಲ್ಪೆ ಎಂದು ಹೊರಟಾಗ ದೋಣಿ ಕಂಡರೆ ಹತ್ತಿಬಿಡುತ್ತೇವೆ.

ದೋಣಿ ಹತ್ತಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಯಿದೋಣಿಯಲ್ಲೇ ಮನೆ ಮಾಡಿಕೊಂಡು ಎಳೆಯ ಮಕ್ಕಳೊಂದಿಗೆ ತಿಂಗಳುಗಟ್ಟಲೆ ಸಮುದ್ರದಲ್ಲಿ ಇರುವ ಕುಟುಂಬಗಳು ಹೊರದೇಶಗಳಲ್ಲಿವೆ. ಅಂಥವರು ಪಾಲಿಸುವ ನಿಯಮ ಬಹಳ ಸರಳ. ಮಗು ಒಳಕೋಣೆಯಿಂದ ಮೇಲಿನ ಅಟ್ಟಕ್ಕೆ ಬಂದರೆ ಮೈಮೇಲೆ ಜಾಕೆಟ್ಟು ಇರಲೇಬೇಕು. ದೋಣಿಯ ಸುತ್ತ ಕಂಬಿಗಳಿಗೆ ಬಲೆ ಕಟ್ಟಿರುತ್ತಾರೆ. ಮಗುವನ್ನು ನೋಡಿಕೊಳ್ಳುವವರು ಯಾರೆಂದು ಹೆಸರು ಹಿಡಿದು ಗೊತ್ತುಮಾಡಿರುತ್ತಾರೆ. ನಿತ್ಯವೂ ನೀರಿನ ಮೇಲೆ ಇರುವವರಿಗೇ ಇಷ್ಟು ಎಚ್ಚರ ಬೇಕಾದರೆ ವರ್ಷಕ್ಕೊಮ್ಮೆ ಹತ್ತುವ ನಮಗೆ ಇನ್ನೆಷ್ಟು ಬೇಕು?

ಪುಟ್ಟ ಮಕ್ಕಳಿಗೇ ಏಕೆ ಹೆಚ್ಚು ಅಪಾಯ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. 1ರಿಂದ 4 ವರ್ಷದ ಮಕ್ಕಳ ಸಾವಿಗೆ ಇರುವ ಕಾರಣಗಳಲ್ಲಿ ಮುಳುಗುವಿಕೆ ನಾಲ್ಕನೆಯ ಸ್ಥಾನದಲ್ಲಿದೆ.

ಇದಕ್ಕೆ ಮಗುವಿನ ಮೈಕಟ್ಟೇ ಒಂದು ಕಾರಣ. ಎಳೆಯ ಮಗುವಿನ ತಲೆ ದೇಹದ ಅಳತೆಗೆ ಹೋಲಿಸಿದರೆ ದೊಡ್ಡದು, ಭಾರವಾದದ್ದು. ಬಗ್ಗಿದರೆ ತಲೆ ಮುಂದಾಗಿ ಬೀಳುತ್ತದೆ. ಬಿದ್ದ ಮೇಲೆ ತಲೆ ಎತ್ತುವ ಶಕ್ತಿ ಕೊರಳಿಗೂ ತೋಳಿಗೂ ಇರುವುದಿಲ್ಲ. ಬಕೆಟ್ಟಿನ ನೀರಿನಲ್ಲೂ ಮಗು ಮುಳುಗುವುದು ಇದರಿಂದಲೇ.

ಎರಡನೆಯದು, ಮುಳುಗುವುದು ಸದ್ದಿಲ್ಲದೆ ನಡೆಯುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ "ಕಾಪಾಡಿ" ಎಂದು ಕೂಗುವುದಿಲ್ಲ. ಉಸಿರಿಗೇ ಅವಕಾಶವಿಲ್ಲದಾಗ ಕೂಗುವುದು ಎಲ್ಲಿಂದ? ಕೆಲವೇ ಕ್ಷಣಗಳಲ್ಲಿ ಮಗು ನೀರಿನ ಕೆಳಗಿರುತ್ತದೆ. ಒಂದೆರಡು ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ನಾಲ್ಕರಿಂದ ಆರು ನಿಮಿಷ ಪ್ರಾಣವಾಯು ಸಿಗದಿದ್ದರೆ ಮೆದುಳಿಗೆ ಮತ್ತೆ ಸರಿಪಡಿಸಲಾಗದ ಪೆಟ್ಟು ಬೀಳತೊಡಗುತ್ತದೆ. ನೀವು ಒಂದು ಫೋನ್ ಕರೆ ಮುಗಿಸುವಷ್ಟು ಹೊತ್ತು, ಅಷ್ಟೆ.

"ಎತ್ತಿಕೊಂಡಿರುತ್ತೇನೆ" ಎಂಬ ನಂಬಿಕೆ

ದೋಣಿ ಮಗುಚಿದಾಗ ಮೊದಲು ಏನಾಗುತ್ತದೆ ಯೋಚಿಸಿ. ನೀವೂ ನೀರಿಗೆ ಬೀಳುತ್ತೀರಿ. ಮೂಗು ಬಾಯಿಗೆ ನೀರು ನುಗ್ಗಿದೊಡನೆ ಯಾರದೇ ಕೈಯಾದರೂ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದು ಪ್ರೀತಿಯ ಕೊರತೆಯಲ್ಲ, ದೇಹದ ಸ್ವಭಾವ. ಈಜು ಬಾರದ ತಂದೆಯ ತೋಳಿನಲ್ಲಿರುವ ಮಗುವಿಗೆ ಆ ತೋಳು ರಕ್ಷಣೆಯಾಗಲಾರದು.

ಇನ್ನೂ ಕೆಲವರು ಮಗುವನ್ನು ಸೆರಗಿನಿಂದ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ, ಎದೆಗೆ ತೂಗುಹಾಕುವ ಚೀಲದಲ್ಲಿ ಕೂರಿಸುತ್ತಾರೆ, ತಮ್ಮ ಜಾಕೆಟ್ಟಿನೊಳಗೇ ಸೇರಿಸಿಕೊಂಡು ಗುಂಡಿ ಹಾಕುತ್ತಾರೆ. ಇವೆಲ್ಲ ತೀರಾ ಅಪಾಯಕರ. ತಾಯಿ ಕೆಳಗೆ ಹೋದರೆ ಮಗುವೂ ಹೋಗುತ್ತದೆ. ತಾಯಿ ಮೇಲೆ ತೇಲಿದರೂ ಮಗುವಿನ ಮುಖ ನೀರಿನೊಳಗೆ ಉಳಿಯಬಹುದು. ಮಗುವನ್ನು ದೋಣಿಗೆ ಕಟ್ಟಿಹಾಕುವುದಂತೂ ಸಲ್ಲದು. ದೊಡ್ಡ ಹಾಯಿದೋಣಿಗಳಲ್ಲಿ ಮಕ್ಕಳಿಗೆ ಹಗ್ಗ ಹಾಕುವ ಪದ್ಧತಿ ಇದೆ, ನಿಜ. ಅದು ಅದಕ್ಕೆಂದೇ ಹೊಲಿದ ಪಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಕೊಕ್ಕೆ. ನಮ್ಮ ಹರಿಗೋಲಿಗೂ ಲಾಂಚಿಗೂ ಅದು ಹೊಂದುವುದಿಲ್ಲ.

ಆ ತರುಣ ತಂದೆಗೆ ಇಷ್ಟೆಲ್ಲ ಹೇಳಿದರೂ ಅವರ ಮುಖದಲ್ಲಿ ಅನುಮಾನ ಉಳಿದಿತ್ತು. ಅವರ ತಾತ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು ಎಂಬುದು ನನಗೆ ಗೊತ್ತಿತ್ತು. ಕೇಳಿದೆ: "ನಿಮ್ಮ ತಾತ ಎಷ್ಟು ವರ್ಷ ಮೈನ್ಸಿಗೆ ಇಳಿದಿದ್ದರು?"

"ಮೂವತ್ತು ವರ್ಷದ ಮೇಲೆ ಸಾರ್."

"ಒಂದು ದಿನವಾದರೂ ತಲೆಗೆ ಟೋಪಿ, ದೀಪ ಇಲ್ಲದೆ ಕೇಜು ಹತ್ತಿದ್ದರಾ? ದಿನಾ ಇಳಿಯೋ ಜಾಗ, ಏನಾಗುತ್ತೆ ಅಂದಿದ್ದರಾ?"

ಅವರು ಮಗಳ ಕಡೆ ನೋಡಿದರು. ಅಲ್ಲಿಗೆ ಮಾತು ನಾಟಿತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಆದರೆ ಆ ಶಿಸ್ತು ನಮ್ಮ ಮನೆಗಳಲ್ಲಿ ಇನ್ನೂ ಮರೆತುಹೋಗಿಲ್ಲ. ಅದನ್ನು ನೀರಿನ ಮೇಲೂ ಪಾಲಿಸಬೇಕು, ಅಷ್ಟೆ.

ಜಾಕೆಟ್ಟನ್ನು ಪರೀಕ್ಷಿಸುವುದು ಹೇಗೆ?

ಜಾಕೆಟ್ಟು ಎಂಬ ಹೆಸರಿದ್ದರೆ ಸಾಲದು. ಕೆಳಗಿನ ಅಂಶಗಳನ್ನು ದಡದಲ್ಲೇ ನೋಡಿ:

1. ಮಕ್ಕಳ ಜಾಕೆಟ್ಟನ್ನು ವಯಸ್ಸಿನಿಂದಲ್ಲ, ತೂಕದಿಂದ ಆರಿಸಬೇಕು. ಎಷ್ಟು ಕಿಲೋ ತೂಕಕ್ಕೆ ಎಂದು ಒಳಭಾಗದ ಚೀಟಿಯಲ್ಲಿ ಬರೆದಿರುತ್ತದೆ. "ಬೆಳೆಯುವ ಮಗು, ಸ್ವಲ್ಪ ದೊಡ್ಡದಿರಲಿ" ಎಂಬ ಸ್ಕೂಲ್ ಯೂನಿಫಾರಂ ಲೆಕ್ಕ ಇಲ್ಲಿ ಬೇಡ.

2. ಎಲ್ಲ ಕೊಕ್ಕೆಗಳನ್ನೂ ಹಾಕಿ, ಪಟ್ಟಿ ಬಿಗಿದು, ಜಾಕೆಟ್ಟಿನ ಎರಡು ಭುಜಗಳನ್ನು ಹಿಡಿದು ಮೇಲಕ್ಕೆ ಎತ್ತಿ. ಅದು ಮಗುವಿನ ಗಲ್ಲ, ಕಿವಿಯವರೆಗೆ ಏರಿದರೆ ನೀರಿನಲ್ಲಿ ಕಳಚಿಹೋಗುತ್ತದೆ ಎಂದು ಅರ್ಥ.

3. ಎಳೆಯ ಮಕ್ಕಳ ಜಾಕೆಟ್ಟಿನಲ್ಲಿ ಎರಡು ಕಾಲಿನ ನಡುವೆ ಹಾದುಹೋಗುವ ಒಂದು ಪಟ್ಟಿ ಇರಬೇಕು. ಅದಿದ್ದರೆ ಜಾಕೆಟ್ಟು ಮೇಲಕ್ಕೆ ಸರಿಯುವುದಿಲ್ಲ. ಕೊರಳ ಹಿಂದೆ ದಪ್ಪನೆಯ ಕಾಲರ್ ಇರಬೇಕು. ಅದು ಮಗುವಿನ ತಲೆಗೆ ಆಸರೆಯಾಗಿ ಮುಖ ನೀರಿನ ಮೇಲೆ ಇರಲು ನೆರವಾಗುತ್ತದೆ.

4. ಒಳಗಿನ ಸ್ಪಂಜು ಗಟ್ಟಿಯಾಗಿದ್ದರೆ, ಪುಡಿಯಾಗಿದ್ದರೆ, ನೀರು ಕುಡಿದು ಭಾರವಾಗಿದ್ದರೆ ಅದನ್ನು ತೊಡಿಸಬೇಡಿ. ಕೊಕ್ಕೆ ಮುರಿದು ದಾರ ಕಟ್ಟಿದ್ದನ್ನೂ ಬೇಡವೆನ್ನಿ.

5. ಗಾಳಿ ತುಂಬಿದ ತೋಳುಪಟ್ಟಿ, ಟ್ಯೂಬು, ಬಾತುಕೋಳಿ ಆಕಾರದ ತೇಲುಬಳೆ ಇವು ಆಟದ ಸಾಮಾನು. ಒಂದು ತೂತು ಬಿದ್ದರೆ ಮುಗಿಯಿತು. ಜೀವ ಕಾಯಲು ಇವನ್ನು ನಂಬಬಾರದು.

6. ದೋಣಿ ಹತ್ತುವ ಮೊದಲೇ, ದಡದಲ್ಲೇ ತೊಡಿಸಿ. ಇಳಿದು ಗಟ್ಟಿ ನೆಲಕ್ಕೆ ಬಂದ ಮೇಲೆ ಬಿಚ್ಚಿ. ಹತ್ತುವಾಗ ಇಳಿಯುವಾಗ ಕಾಲು ಜಾರುವುದು ಹೆಚ್ಚು. ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಬೇಕಾದ ಕಡೆ ಇನ್ನೂ ಹೆಚ್ಚು.

"ಮಗು ಜಾಕೆಟ್ಟು ಹಾಕಿಕೊಳ್ಳಲು ಅಳುತ್ತದೆ" ಎಂಬುದು ತಾಯಂದಿರ ಸಾಮಾನ್ಯ ದೂರು. ಅಪ್ಪ ಅಮ್ಮ ತಾವು ತೊಟ್ಟರೆ ಮಗುವೂ ತೊಡುತ್ತದೆ. ವರ್ಷಕ್ಕೆ ಎರಡು ಮೂರು ಸಲ ನೀರಿನ ತಾಣಗಳಿಗೆ ಹೋಗುವ ಕುಟುಂಬವಾದರೆ ಮಗುವಿನ ತೂಕಕ್ಕೆ ಸರಿಹೊಂದುವ ಒಳ್ಳೆಯ ಜಾಕೆಟ್ಟು ಒಂದನ್ನು ಕೊಂಡು, ಎರಡು ದಿನ ಮನೆಯಲ್ಲೇ ತೊಡಿಸಿ ಆಡಿಸಿ. ಅಭ್ಯಾಸವಾಗುತ್ತದೆ.

ಕೈಗೂಸುಗಳ ವಿಷಯ ಬೇರೆ. ಸುಮಾರು 8 ಕಿಲೋ ತೂಕ ಬರದ, ತಲೆಯನ್ನು ತಾನೇ ಗಟ್ಟಿಯಾಗಿ ನಿಲ್ಲಿಸದ ಕೂಸಿಗೆ ಸರಿಯಾಗಿ ಹೊಂದುವ ಜಾಕೆಟ್ಟು ಸಿಗುವುದೇ ಕಷ್ಟ. ಅಂಥ ಕೂಸನ್ನು ವಿಹಾರದ ದೋಣಿಗೆ ಹತ್ತಿಸಬೇಡಿ. ಒಬ್ಬರು ದಡದಲ್ಲಿ ಕೂಸಿನ ಜೊತೆ ಇರಿ, ಉಳಿದವರು ಹೋಗಿ ಬನ್ನಿ.

ದೋಣಿಯನ್ನೂ ನೋಡಿ

ಮಗುವಿಗೆ ಜಾಕೆಟ್ಟು ತೊಡಿಸಿದ ಮಾತ್ರಕ್ಕೆ ಜವಾಬ್ದಾರಿ ಮುಗಿಯಲಿಲ್ಲ. ನಮ್ಮ ಸುತ್ತಮುತ್ತ ನಡೆದ ದುರಂತಗಳನ್ನು ನೆನೆಯಿರಿ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು, ಮಕ್ಕಳೂ ಸೇರಿ. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಕತ್ತಲಾಗುವ ಹೊತ್ತಿಗೆ ಹೊರಟ ವಿಹಾರದ ದೋಣಿಯಲ್ಲಿ 22 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳೂ 2 ಶಿಕ್ಷಕಿಯರೂ ಮುಳುಗಿದರು. ಮೂರು ಕಡೆಯೂ ದೋಣಿಗೆ ಹೆಚ್ಚು ಜನ ತುಂಬಿದ್ದರು. ವಡೋದರದಲ್ಲಿ ಬಹುಪಾಲು ಮಕ್ಕಳ ಮೈಮೇಲೆ ಜಾಕೆಟ್ಟು ಇರಲಿಲ್ಲ. ಹರಣಿಯದು ಸಮುದ್ರವಲ್ಲ, ಊರ ನಡುವಿನ ಕೆರೆ ಎಂಬುದನ್ನು ಗಮನಿಸಿ.

ಆದ್ದರಿಂದ ಹತ್ತುವ ಮೊದಲು ಎಷ್ಟು ಜನರಿಗೆ ಅನುಮತಿ ಎಂದು ಕೇಳಿ, ತಲೆ ಎಣಿಸಿ. ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಿರಿ. "ಮಗು ತಾನೆ, ಅಡ್ಜಸ್ಟ್ ಮಾಡಿಕೊಳ್ಳಿ" ಎಂಬುದು ಬಸ್ಸಿನ ಮಾತು, ದೋಣಿಯಲ್ಲಿ ಸಲ್ಲದು. ಕತ್ತಲಾಗುವ ಮೊದಲು ದಡಕ್ಕೆ ಬರುವಂತಿದ್ದರೆ ಮಾತ್ರ ಹೊರಡಿ. ನದಿಯಲ್ಲಿ ನೀರು ಏರುತ್ತಿದ್ದರೆ, ಗಾಳಿ ಎದ್ದಿದ್ದರೆ, ದೋಣಿಯವರು ಕುಡಿದಿದ್ದಾರೆಂಬ ಅನುಮಾನ ಬಂದರೆ ಹಣ ಕೊಟ್ಟಿದ್ದರೂ ಇಳಿದುಬಿಡಿ. ದುಡ್ಡು ಹೋದರೆ ಹೋಗಲಿ.

ದೋಣಿಯೊಳಗೆ ಮಗುವನ್ನು ಅಂಚಿನಿಂದ ದೂರ, ತಳಕ್ಕೆ ಹತ್ತಿರ ಕೂರಿಸಿ. ಯಾರೂ ಎದ್ದು ನಿಲ್ಲಬಾರದು. ಮೊಸಳೆಯೋ ಹಕ್ಕಿಯೋ ಜಲಪಾತವೋ ಕಂಡಾಗ ಎಲ್ಲರೂ ಒಂದೇ ಕಡೆಗೆ ವಾಲುವುದು ದೋಣಿ ಮಗುಚಲು ಮುಖ್ಯ ಕಾರಣಗಳಲ್ಲಿ ಒಂದು. ಹರಿಗೋಲನ್ನು ತಿರುಗಿಸುವುದು ಬೇಡವೆಂದು ಹೊರಡುವ ಮೊದಲೇ ಹೇಳಿ. ಯಂತ್ರದ ದೋಣಿಯಾದರೆ ಹೊಗೆ ಬರುವ ಹಿಂಭಾಗದಲ್ಲಿ ಮಗುವನ್ನು ಕೂರಿಸಬೇಡಿ. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲ ಇರುತ್ತದೆ, ತಲೆನೋವು, ವಾಂತಿ, ಮಂಪರು ತರುತ್ತದೆ. ನೀರು ಕಡೆಯುವ ಚಕ್ರವೂ ಹಿಂದೆಯೇ ಇರುತ್ತದೆ.

ವಾಹನಗಳನ್ನು ಸಾಗಿಸುವ ದೊಡ್ಡ ಲಾಂಚುಗಳೂ ಇವೆ. ಶರಾವತಿ ಹಿನ್ನೀರಿನಲ್ಲಿ 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಸಿಗಂದೂರಿಗೆ ಹೋಗುವವರು ಅಂಥದ್ದರಲ್ಲೇ ದಾಟುತ್ತಿದ್ದರು. ಇಂಥ ಕಡೆ ಮಕ್ಕಳನ್ನು ಕಾರಿನೊಳಗೆ ಬಿಟ್ಟು ಗಾಜು ಏರಿಸಿ ಕೂರಬೇಡಿ. ಇಳಿಸಿ, ಕೈ ಹಿಡಿದು ನಿಲ್ಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಒಂದು ಮಗುವಿಗೆ ಒಬ್ಬರು. "ನೀನು ನೋಡ್ತಿದ್ದೀಯ ಅಂದುಕೊಂಡೆ" ಎಂದು ಗಂಡ, "ನೀವು ನೋಡ್ತಿದ್ದೀರಿ ಅಂದುಕೊಂಡೆ" ಎಂದು ಹೆಂಡತಿ ಹೇಳುವುದನ್ನು ಆಸ್ಪತ್ರೆಯ ಬಾಗಿಲಲ್ಲಿ ಕೇಳುವಷ್ಟು ಸಂಕಟ ಬೇರೊಂದಿಲ್ಲ. ಹೊಣೆ ಹೊತ್ತವರು ಕೈಗೆ ಮಗು ಸಿಗುವಷ್ಟು ಹತ್ತಿರವಿರಬೇಕು. ಅವರ ಕೈಯಲ್ಲಿ ಫೋನೂ ಇರಬಾರದು, ಕ್ಯಾಮೆರಾವೂ ಇರಬಾರದು.

ವಾಂತಿ, ಬಿಸಿಲು, ಚಳಿ

ಪ್ರಯಾಣದ ವಾಂತಿ 2ರಿಂದ 12 ವರ್ಷದ ಮಕ್ಕಳಲ್ಲಿ ಹೆಚ್ಚು. ಹೊರಡುವ ಮುನ್ನ ಹೊಟ್ಟೆ ಬಿರಿಯುವಂತೆ ಉಣಿಸಬೇಡಿ, ಖಾಲಿಯೂ ಬಿಡಬೇಡಿ. ಎರಡು ಇಡ್ಲಿ ಸಾಕು. ದೂರದ ದಡವನ್ನು ನೋಡುತ್ತಾ ಕೂರಲು ಹೇಳಿ. ಪರಿಚಯದ ಅಂಗಡಿಯಿಂದ ವಾಂತಿ ಮಾತ್ರೆ ತಂದು ಅರ್ಧ ಮಾಡಿ ನುಂಗಿಸುವುದು ಸರಿಯಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪ್ರೊಮೆಥಜೀನ್ ಔಷಧವನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೆ ಕುತ್ತು ಬರಬಹುದು. ದೊಡ್ಡ ಮಕ್ಕಳಿಗೂ ಅದು ನಿದ್ದೆ ತರುತ್ತದೆ. ತೂಕಡಿಸುವ ಮಗುವಿಗೆ ದೋಣಿಯಲ್ಲಿ ಅಪಾಯ ಹೆಚ್ಚು. ಘಾಟಿ ರಸ್ತೆಗೆಂದು ಔಷಧ ಕೊಟ್ಟಿದ್ದರೆ ಮಂಪರು ಪೂರ್ತಿ ಇಳಿದ ಮೇಲೆ ದೋಣಿಯ ಮಾತು.

ನೀರಿನ ಮೇಲಿನ ಬಿಸಿಲು ಎರಡು ಕಡೆಯಿಂದ ತಾಗುತ್ತದೆ, ಮೇಲಿನಿಂದಲೂ ನೀರಿನಿಂದ ಪ್ರತಿಫಲಿಸಿಯೂ. ಅಂಚುಳ್ಳ ಟೋಪಿ, ತೋಳು ಮುಚ್ಚುವ ಹತ್ತಿ ಬಟ್ಟೆ ಇರಲಿ. ಕಾಯಿಸಿ ಆರಿಸಿದ ನೀರನ್ನು ಆಗಾಗ ಗುಟುಕು ಗುಟುಕಾಗಿ ಕುಡಿಸಿ. ಒಂದು ಓ.ಆರ್.ಎಸ್. ಪೊಟ್ಟಣ ಚೀಲದಲ್ಲಿರಲಿ.

ಇದಕ್ಕೆ ವಿರುದ್ಧವಾಗಿ, ನೆನೆದ ಮಗುವಿಗೆ ಬೇಸಿಗೆಯಲ್ಲೂ ಚಳಿ ಹಿಡಿಯುತ್ತದೆ. ಮಗುವಿನ ದೇಹ ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ತುಟಿ ನೀಲಿಯಾಗಿ ನಡುಗುತ್ತಿದ್ದರೆ ಒದ್ದೆ ಬಟ್ಟೆ ತೆಗೆದು, ಒರೆಸಿ, ಒಣ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಳ್ಳಿ. ಮೂರ್ಛೆರೋಗವಿರುವ ಮಗುವನ್ನು ವೈದ್ಯರನ್ನು ಕೇಳದೆ ದೋಣಿಗೆ ಕರೆದೊಯ್ಯಬೇಡಿ. ಉಬ್ಬಸವಿರುವ ಮಗುವಿನ ಇನ್‌ಹೇಲರ್ ನಿಮ್ಮ ಜೇಬಿನಲ್ಲೇ ಇರಲಿ, ವ್ಯಾನಿನಲ್ಲಿ ಬಿಟ್ಟು ಬರಬೇಡಿ.

ಮಗು ನೀರಿಗೆ ಬಿದ್ದರೆ

ಹಲವು ವರ್ಷಗಳ ಹಿಂದೆ ಒಂದು ಸಂಜೆ ಸುತ್ತಲಿನ ಹಳ್ಳಿಯೊಂದರಿಂದ ಐದು ವರ್ಷದ ಹುಡುಗನನ್ನು ಬೈಕಿನಲ್ಲಿ ಹೊತ್ತು ತಂದರು. ಹೊಲದ ಕೃಷಿ ಹೊಂಡಕ್ಕೆ ಬಿದ್ದಿದ್ದ. ನೋಡಿದವರು ಕೂಡಲೇ ಎತ್ತಿದ್ದರು. ಆಮೇಲೆ ಕಾಲು ಹಿಡಿದು ತಲೆಕೆಳಗಾಗಿ ತೂಗಿದರಂತೆ. ಹೊಟ್ಟೆ ಒತ್ತಿ ನೀರು ಕಕ್ಕಿಸಿದರಂತೆ. ದಾರಿಯುದ್ದಕ್ಕೂ ಹಾಗೆಯೇ ಒತ್ತುತ್ತಾ ಬಂದಿದ್ದರು. ಒಬ್ಬರೂ ಅವನಿಗೆ ಉಸಿರು ಕೊಟ್ಟಿರಲಿಲ್ಲ. ನಾನು ನೋಡಿದಾಗ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅವನ ಚಿಕ್ಕಪ್ಪ "ಹೊಟ್ಟೇಲಿರೋ ನೀರೆಲ್ಲಾ ತೆಗೆದಿದ್ದೀವಿ ಡಾಕ್ಟ್ರೇ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ತಪ್ಪೇನೂ ಇಲ್ಲ. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ, ಕತ್ತರಿಸಿ ಇಟ್ಟುಕೊಳ್ಳಿ.

ಈಜು ಬಾರದವರು ಧುಮುಕಬೇಡಿ. ಒಂದು ಸಾವು ಎರಡಾಗುತ್ತದೆ. ಕೋಲು, ಹುಟ್ಟು, ಸೀರೆ, ಪಂಚೆ, ಹಗ್ಗ ಚಾಚಿ. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಎಸೆಯಿರಿ, ಅದನ್ನು ಹಿಡಿದು ತೇಲಬಹುದು. ದೋಣಿ ಮಗುಚಿದ್ದರೆ ದಡಕ್ಕೆ ಈಜಲು ಹೋಗಬೇಡಿ. ಮಗುಚಿದ ದೋಣಿ ಬಹಳ ಸಲ ತೇಲುತ್ತಲೇ ಇರುತ್ತದೆ. ಅದನ್ನು ಹಿಡಿದು, ಮಗುವಿನ ಮುಖ ಮೇಲಿರುವಂತೆ ನೋಡಿಕೊಂಡು ನೆರವಿಗೆ ಕೂಗಿ.

ಮಗುವನ್ನು ದಡಕ್ಕೆ ತಂದ ಮೇಲೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಕರೆದು ನೋಡಿ. ಎಚ್ಚರವಿಲ್ಲ, ಉಸಿರಿಲ್ಲ, ಅಥವಾ ಎಲ್ಲೋ ಒಮ್ಮೆ ಏದುಸಿರು ಬರುತ್ತಿದೆ ಎಂದಾದರೆ ಕೂಡಲೇ ಶುರುಮಾಡಿ. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನು ಮಾಡಲಿ.

ಹಣೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯ ಬೆರಳಿನಿಂದ ಗಲ್ಲವನ್ನು ಮೇಲಕ್ಕೆತ್ತಿ. ಮಗುವಿನ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು, ಎದೆ ಏಳುವಷ್ಟು ಮೆಲ್ಲಗೆ ಊದಿ. ವರ್ಷದೊಳಗಿನ ಕೂಸಾದರೆ ಬಾಯಿ ಮೂಗು ಎರಡನ್ನೂ ಸೇರಿಸಿ ನಿಮ್ಮ ಬಾಯಿಯಿಂದ ಮುಚ್ಚಿ ಊದಿ. ಮೊದಲು ಎರಡರಿಂದ ಐದು ಉಸಿರು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ.

ಆಮೇಲೆ ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡದಿಂದ ಒತ್ತಿ. ಕೈಗೂಸಿಗೆ ಎರಡು ಹೆಬ್ಬೆರಳು ಸಾಕು. ಎದೆಯ ದಪ್ಪದ ಮೂರನೇ ಒಂದು ಭಾಗ ಒಳಗಿಳಿಯಬೇಕು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. 30 ಒತ್ತು, 2 ಉಸಿರು, ಮತ್ತೆ 30 ಒತ್ತು, 2 ಉಸಿರು. ಹೀಗೆ ಮಗು ತಾನೇ ಉಸಿರಾಡುವವರೆಗೆ ಅಥವಾ ಆಂಬುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವವರೆಗೆ ನಿಲ್ಲಿಸಬೇಡಿ. ನೀವು ಒಬ್ಬರೇ ಇದ್ದರೆ ಒಂದೆರಡು ನಿಮಿಷ ಹೀಗೆ ಮಾಡಿ ನಂತರ ಫೋನು ಮಾಡಿ. ಬಾಯಲ್ಲಿ ನೊರೆ ಬಂದರೆ ಅದನ್ನು ಒರೆಸುತ್ತಾ ಕೂರಬೇಡಿ, ಊದುವುದನ್ನು ಮುಂದುವರಿಸಿ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ ಮತ್ತೆ ಮಲಗಿಸಿ.

ಮಾಡಬಾರದ್ದು: ತಲೆಕೆಳಗೆ ತೂಗುವುದು, ಹೊಟ್ಟೆ ಒತ್ತುವುದು, ತಲೆಯ ಮೇಲೆ ಹೊತ್ತು ಗರಗರ ತಿರುಗಿಸುವುದು. ಹೊಟ್ಟೆಯ ನೀರು ಹೊರಬಂದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೇ ಹೆಚ್ಚು. ಹೊತ್ತೂ ಹಾಳು.

ಮಗು ಉಸಿರಾಡತೊಡಗಿದರೆ ಪಕ್ಕಕ್ಕೆ ಮಲಗಿಸಿ, ಬೆಚ್ಚಗೆ ಹೊದಿಸಿ, ಆಸ್ಪತ್ರೆಗೆ ಒಯ್ಯಿರಿ. ಎದ್ದು ಕೂತು ನಗುತ್ತಿದ್ದರೂ ಒಯ್ಯಬೇಕು. ಶ್ವಾಸಕೋಶಕ್ಕೆ ಹೋದ ನೀರಿನ ಪರಿಣಾಮ ಕೆಲವು ಗಂಟೆಗಳ ನಂತರ ಕೆಮ್ಮು, ಏದುಸಿರಾಗಿ ಕಾಣಿಸಬಹುದು. ಆರೆಂಟು ಗಂಟೆಯಾದರೂ ವೈದ್ಯರ ಕಣ್ಣೆದುರು ಇರುವುದು ಕ್ಷೇಮ.

ದೋಣಿಯಿಂದ ಇಳಿದ ಮೇಲೂ

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. 2021ರ ನವೆಂಬರಿನ ಮಳೆಗೆ ಬತ್ತಿದ್ದ ಎಷ್ಟೋ ಕೆರೆಗಳು ತುಂಬಿದವು. ಹೊಲಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡಗಳಿವೆ. ಒದ್ದೆಯಾದ ಆ ಹಾಳೆಯ ಮೇಲೆ ಈಜು ಬಲ್ಲವನಿಗೂ ಕಾಲು ನಿಲ್ಲುವುದಿಲ್ಲ. ಹೊಂಡಕ್ಕೆ ಬೇಲಿ ಇರಲಿ, ಒಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗವೊಂದು ಇರಲಿ. ಮನೆಯ ಸಂಪಿಗೆ ಮುಚ್ಚಳ, ಮುಚ್ಚಳಕ್ಕೆ ಬೀಗ. ಬಚ್ಚಲಿನ ಬಕೆಟ್ಟು ಬಳಸಿದ ಮೇಲೆ ಬೋರಲು. ಮಕ್ಕಳಿಗೆ ಆರು ವರ್ಷವಾಗುತ್ತಲೇ ಬಲ್ಲವರಿಂದ ಈಜು ಕಲಿಸಿ, ಹೆಣ್ಣು ಮಕ್ಕಳಿಗೂ. ಆದರೆ ಈಜು ಬರುತ್ತದೆಂದು ದೋಣಿಯಲ್ಲಿ ಜಾಕೆಟ್ಟು ಬಿಡಬೇಡಿ.

ಆ ತರುಣ ತಂದೆ ಮುಂದಿನ ವಾರ ಮತ್ತೆ ಬಂದರು, ಅಜ್ಜಿಯ ಕಾಲು ತೋರಿಸಲು. ಮಗಳೂ ಜೊತೆಯಲ್ಲಿದ್ದಳು. "ಹೇಗಿತ್ತು ತೆಪ್ಪ?" ಎಂದೆ. ಮಗು ಮುಖ ಊದಿಸಿಕೊಂಡಿತು. ಆ ದಿನ ಅವಳ ಅಳತೆಯ ಜಾಕೆಟ್ಟು ಸಿಗಲಿಲ್ಲವಂತೆ. ದೊಡ್ಡವರು ಸರದಿಯಲ್ಲಿ ಹೋಗಿ ಬಂದರು. ಅವಳು ಅಜ್ಜಿಯ ಜೊತೆ ದಡದಲ್ಲಿ ಕುಳಿತು ಹುರಿದ ಮೀನು ತಿಂದಳು.

"ಮನೆಗೆ ಬರೋವರೆಗೂ ಅತ್ತಳು ಸಾರ್" ಎಂದರು ತಂದೆ.

ಅಳಲಿ ಬಿಡಿ. ಮನೆಗೆ ಬಂದ ಮಗುವಿನ ಅಳು ಅದು. ಎರಡು ದಿನಕ್ಕೆ ಮರೆಯುತ್ತದೆ.